ಕೊಡಾನೆಲ್ಲ ಮುರಿದೆ

ಇಲಿ ಕಚ್ಚಿದ್ದು ಸೋಮವಾರ. ಶುಕ್ರವಾರ ಬೆಳಿಗ್ಗೆಯ ಹೊತ್ತಿಗೆ ತಂಗಿಯ ಬಲಗೈ ಮೊಣಕೈವರೆಗೆ ಕಪ್ಪಾಗಿತ್ತು. ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಅವಳು ಹಲ್ಲು ಕಟಕಟ ಕಡಿಯುತ್ತ ಬಿದ್ದಿದ್ದಳು. ಮೈ ಕೆಂಡ. ಡಾಕ್ಟರು ಅಕ್ಕನನ್ನು ಬಾಗಿಲಾಚೆ ಕರೆದು ಒಂದೇ ಮಾತು ಕೇಳಿದರು. ಆ ಇಲಿಯೊಳಗೆ ಏನಿತ್ತು?

ಅಕ್ಕನಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಆ ಇಲಿಯಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ದುಡಿಯುತ್ತಿದ್ದಳು. ಮೇಲಿನಿಂದ ಇಳಿದು ಬರುವ ಕೊಳೆಯನ್ನೆಲ್ಲ ಅವಳೇ ಬೇಯಿಸುತ್ತಿದ್ದಳು. ಆದರೂ ಗೊತ್ತಿರಲಿಲ್ಲ.

ಆ ಕಟ್ಟಡದಲ್ಲಿ ರೋಗ ಸಾಕುತ್ತಿದ್ದರು, ಬೇರೆಯವರು ಕೋಳಿ ಸಾಕುವ ಹಾಗೆ. ಮೂರನೇ ಮಹಡಿಯಲ್ಲಿ ಕಂಪ್ಯೂಟರಿನವರು, ಔಷಧಿಯವರು, ಜೀವಾಣು ನೋಡುವವರು, ಮಿಲಿಟರಿಯವರು ಒಂದೇ ಮೇಜಿಗೆ ಕೂರುತ್ತಿದ್ದರು. ಒಬ್ಬರು ಪರದೆಯ ಮೇಲೆ ಜೀವಾಣುವಿನ ಹುಟ್ಟುಗುಣ ತಿದ್ದುವರು. ಇನ್ನೊಬ್ಬರು ತಿದ್ದಿದ್ದನ್ನು ಗಾಜಿನಲ್ಲಿ ಬೆಳೆಸುವರು. ಮತ್ತೊಬ್ಬರು ಅದನ್ನು ಇಲಿಗೆ ಚುಚ್ಚಿ, ಎಷ್ಟು ದಿನಕ್ಕೆ ಸಾಯುತ್ತದೆ ಎಂದು ಬರೆದಿಡುವರು. ನಾಳೆ ಶತ್ರು ಮಾಡುವುದನ್ನು ನಾವು ಇವತ್ತೇ ಮಾಡಿ ನೋಡುತ್ತೇವೆ, ಅದರಿಂದ ಜನ ನೆಮ್ಮದಿಯಾಗಿ ಮಲಗಬಹುದು ಎಂದು ಆ ಮಹಡಿಯ ಮುಖ್ಯಸ್ಥೆ ದೊಡ್ಡ ಮೇಡಂ ಯಾರೋ ಸೂಟಿನವರಿಗೆ ವಿವರಿಸುತ್ತಿದ್ದದ್ದನ್ನು ಅಕ್ಕ ಗಾಜು ಒರೆಸುತ್ತ ಕೇಳಿಸಿಕೊಂಡಿದ್ದಳು. ಯಾವ ಜನ ಎಂದು ಆಗ ಅವಳಿಗೆ ಕೇಳಬೇಕೆನಿಸಿರಲಿಲ್ಲ.

ನೆಲಮಾಳಿಗೆಯಲ್ಲಿ ಹದಿನಾಲ್ಕು ಹೆಂಗಸರು. ಎಲ್ಲರೂ ಗುತ್ತಿಗೆಯವರು. ಗಾಜು ತೊಳೆಯುವವರು ಕೆಲವರು, ಇಲಿಪಂಜರ ತಿಕ್ಕುವವರು ಕೆಲವರು. ಅಕ್ಕನದು ಕುಕ್ಕರ್. ಆಳೆತ್ತರದ ಉಕ್ಕಿನ ಪೆಟ್ಟಿಗೆ. ಅದರೊಳಗೆ ಚೀಲ ತುಂಬಿ, ಬಾಗಿಲಿನ ಚಕ್ರ ಬಿಗಿದು, ಹಬೆ ಬಿಟ್ಟರೆ ಒಳಗಿದ್ದ ರೋಗ ಸಾಯಬೇಕು. ಚೀಲಕ್ಕೆ ಅಂಟಿಸಿದ ಪಟ್ಟಿ ಶಾಖಕ್ಕೆ ಕಪ್ಪಾಗಬೇಕು. ಹಬೆ ಬಡಿದು ಬಡಿದು ಅಕ್ಕನ ಎರಡೂ ಮುಂಗೈಯ ಚರ್ಮ ಹಳೇ ಚೀಲದ ಹಾಗಾಗಿತ್ತು. ಬಿಸಿ ತಟ್ಟೆಯನ್ನು ಬರಿಗೈಯಲ್ಲಿ ಹಿಡಿಯುತ್ತಾಳೆ ಎಂದು ಉಳಿದವರು ತಮಾಷೆ ಮಾಡುತ್ತಿದ್ದರು. ಹಿಡಿಯದೆ ಏನು ಮಾಡುವುದು, ವಾರಕ್ಕೆ ಕೊಡುವುದು ಒಂದೇ ಜೊತೆ ಕೈಗವಸು.

ಮೇಲಿನವರ ದೊಡ್ಡ ದೊಡ್ಡ ಹೆಸರುಗಳು ಈ ಹೆಂಗಸರ ನಾಲಿಗೆಗೆ ಹತ್ತುತ್ತಿರಲಿಲ್ಲ. ಹತ್ತಲಿಲ್ಲವೆಂದು ಬಿಡುವವರೂ ಅವರಲ್ಲ. ಹೆಸರನ್ನು ಹಿಡಿದು, ಕುಟ್ಟಿ ಜಜ್ಜಿ ಮನೆಮಾತು ಮಾಡಿಕೊಳ್ಳುತ್ತಿದ್ದರು. ಪಾತ್ರೆ ನೆನೆಹಾಕುವ ಗ್ಲುಟರಾಲ್ಡಿಹೈಡ್ ಅವರ ಬಾಯಲ್ಲಿ 'ಗುಟುರಲ್ಲಿ ಹೇಡಿ' ಆಗಿತ್ತು. ಒಮ್ಮೆ ಹಾಗೆ ಜಜ್ಜಿಕೊಂಡರೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಮೂರನೇ ಮಹಡಿಯ ಚೀಲಕ್ಕೆ ಮಾತ್ರ ಹೆಸರಿರಲಿಲ್ಲ. ಹಳದಿ ಚೀಟಿಯ ಮೇಲೆ ಹದಿನೇಳು ಎಂಬ ಅಂಕಿ, ಅಷ್ಟೇ. ಅಂಕಿಯನ್ನು ಯಾರು ಜಜ್ಜುತ್ತಾರೆ?

ಆ ಹದಿನೇಳರ ಪಂಜರ ತೊಳೆಯುವ ಕೆಲಸಕ್ಕೆ ತಂಗಿಯನ್ನು ಸೇರಿಸಿದವಳು ಅಕ್ಕನೇ. ಅಮ್ಮ ಸತ್ತಾಗ ತಂಗಿಗೆ ಆರು ವರ್ಷ. ಅವಳ ಜಡೆ ಹೆಣೆದವಳು, ಕೆನ್ನೆಗೆ ಬಾರಿಸಿದವಳು, ಅಕ್ಷರ ಕಲಿಸಿದವಳು ಎಲ್ಲ ಅಕ್ಕ. ತಂಗಿಯ ಕೈಯಲ್ಲಿ ಸಾಮಾನು ನಿಲ್ಲುತ್ತಿರಲಿಲ್ಲ. ಲೋಟ ಬಿದ್ದರೂ ಅವಳೇ, ಮಡಕೆ ಒಡೆದರೂ ಅವಳೇ. ಪಕ್ಕದ ಮನೆಯ ಬೆಕ್ಕು ಬೀಳಿಸಿದ್ದಕ್ಕೂ ಅವಳೇ ಏಟು ತಿಂದದ್ದುಂಟು.

ಸೋಮವಾರ ಅವಳ ಕೈಗವಸಿನ ಹೆಬ್ಬೆರಳು ಹರಿದಿತ್ತು. ಹೊಸದು ಕೇಳಿದಳು. ಬುಧವಾರದ ತನಕ ಇಲ್ಲ ಎಂದ ನೆಲಮಾಳಿಗೆಯ ಮೇಸ್ತ್ರಿ. ಪ್ಲಾಸ್ಟಿಕ್ ಟೇಪು ಸುತ್ತಿಕೊಂಡು ಪಂಜರಕ್ಕೆ ಕೈ ಹಾಕಿದಳು. ಇಲಿ ಟೇಪಿನ ಮೇಲೇ ಹಲ್ಲು ನೆಟ್ಟಿತು. ರಕ್ತ ಸುರಿಸಿಕೊಂಡು ಮೇಸ್ತ್ರಿಯ ಹತ್ತಿರ ಓಡಿದಳು. ರಿಜಿಸ್ಟರಿನಲ್ಲಿ ಬರೆದರೆ ಮೂರನೇ ಮಹಡಿ ಮೂರು ವಾರ ಮುಚ್ಚಬೇಕಾಗುತ್ತದೆ, ಸೋಪು ಹಾಕಿ ತೊಳೆದುಕೋ, ಬಾಯಿ ಬಿಟ್ಟರೆ ನಾಳೆಯಿಂದ ಅಕ್ಕ ತಂಗಿ ಇಬ್ಬರೂ ಗೇಟಿನಾಚೆ ಎಂದ. ಅವಳು ತೊಳೆದುಕೊಂಡಳು. ಬಾಯಿ ಬಿಡಲಿಲ್ಲ, ಅಕ್ಕನಿಗೂ. ಜ್ವರ ನೆತ್ತಿಗೇರಿ ಬಿದ್ದ ಮೇಲೆ ಗುರುವಾರ ಹೇಳಿದಳು.

ಶುಕ್ರವಾರ ಡಾಕ್ಟರು ಎರಡು ಸಲ ಆ ಕಟ್ಟಡಕ್ಕೆ ಫೋನು ಮಾಡಿದರು. ಮೊದಲ ಸಲ ಅಲ್ಲಿಯವರು ಅಂಥ ಇಲಿಯೇ ನಮ್ಮಲ್ಲಿಲ್ಲ ಎಂದರು. ಎರಡನೇ ಸಲ ಇದು ದೇಶದ ಭದ್ರತೆಯ ವಿಷಯ ಎಂದು ಇಟ್ಟುಬಿಟ್ಟರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಸಿಟ್ಟಿನಿಂದ ಫೋನನ್ನು ಮೇಜಿಗೆ ಕುಕ್ಕಿದರು.

"ಹೆಸರು ತಗೊಂಡು ಬನ್ನಿ ಅಮ್ಮ," ಎಂದರು. "ಹೆಸರು ಗೊತ್ತಿಲ್ಲದೆ ನಾನು ಏನು ಕೊಟ್ರೂ ಕತ್ತಲಲ್ಲಿ ಕಲ್ಲು ಎಸೆದ ಹಾಗೆ. ಒಂದು ಹೆಸರು, ಅಷ್ಟೇ."

ಅಕ್ಕ ಕಟ್ಟಡಕ್ಕೆ ಬಂದಾಗ ಹತ್ತು ಗಂಟೆ. ಮೇಸ್ತ್ರಿ ಕುಕ್ಕರಿನ ಮುಂದೆಯೇ ಕಾಯುತ್ತಿದ್ದ. ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಬೈದ. ಅವನ ಹಿಂದೆ ನಾಲ್ಕು ಗಾಡಿಯಷ್ಟು ಹಳದಿ ಚೀಟಿಯ ಚೀಲ. ಮೂರನೇ ಮಹಡಿಯನ್ನು ಬುಡಸಮೇತ ಕೆಳಗಿಳಿಸಿದ್ದರು. ಹೊಟ್ಟು, ಸತ್ತ ಇಲಿಗಳು, ಪಂಜರದ ಚೀಟಿಗಳು. ಹನ್ನೆರಡಕ್ಕೆ ಮೇಲಿನಿಂದ ತಪಾಸಣೆಯವರು ಬರುತ್ತಾರೆ, ಅಷ್ಟರೊಳಗೆ ಎಲ್ಲ ಬೆಂದು ಬೂದಿಗುಂಡಿ ಸೇರಬೇಕು ಎಂದ. ಒಂದು ಚೀಲದ ಪ್ಲಾಸ್ಟಿಕ್ಕಿನೊಳಗಿಂದ ತಂಗಿಯ ಕೈಬರಹ ಕಾಣುತ್ತಿತ್ತು. ಪಂಜರ ತೊಳೆದ ತಾರೀಕನ್ನು ಅವಳು ಹಾಗೆಯೇ ಓರೆಯಾಗಿ ಬರೆಯುತ್ತಿದ್ದಳು.

ಅಕ್ಕನಿಗೆ ಆಗ ಎಲ್ಲ ತಿಳಿಯಿತು. ಇದನ್ನು ಬೇಯಿಸಿದರೆ ಇಲಿಯೂ ಇರಲಿಲ್ಲ, ಕಚ್ಚಲೂ ಇಲ್ಲ. ಅದನ್ನೂ ಇವರು ಅವಳ ಕೈಯಲ್ಲೇ ಮಾಡಿಸುತ್ತಿದ್ದರು.

"ನಾನು ಬೇಯ್ಸಲ್ಲ," ಎಂದಳು. "ಮೊದಲು ಇದರ ಹೆಸರು ಹೇಳಿ."

ಮೇಸ್ತ್ರಿ ಕೆನ್ನೆಗೆ ಹೊಡೆದ. ಅವಳು ಕುಕ್ಕರಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕೂದಲು ಹಿಡಿದು ಎಳೆದ. ಅವಳು ಅವನ ಮಣಿಕಟ್ಟನ್ನು ಕಚ್ಚಿದಳು. ಅವನು ಕಿರುಚಿಕೊಂಡು ಹೋಗಿ ಇಸ್ತ್ರಿಯನ್ನು ಕರೆತಂದ. ಇಸ್ತ್ರಿ ಎಂದರೆ ಕಟ್ಟಡದ ಕಾವಲಿನ ಸಾಹೇಬ. ಉಟ್ಟ ಬಟ್ಟೆಯಲ್ಲಿ ಒಂದು ಸುಕ್ಕು ಇರುತ್ತಿರಲಿಲ್ಲ, ಅದಕ್ಕೆ ಹೆಂಗಸರು ಇಟ್ಟ ಹೆಸರು. ಅವನ ಹಿಂದೆ ದೊಣ್ಣೆ ಹಿಡಿದ ಇಬ್ಬರು.

ಇಸ್ತ್ರಿ ದೊಣ್ಣೆಯವರಿಗೆ ಕಣ್ಣಲ್ಲೇ ತೋರಿಸಿದ. ಮೊದಲ ಏಟು ಭುಜಕ್ಕೆ, ಎರಡನೆಯದು ಸೊಂಟಕ್ಕೆ. ಮೂರನೆಯದು ಬಲಗೈಯ ಮೇಲೆ ಬಿತ್ತು. ಒಣಕಟ್ಟಿಗೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಗಾಜು ತೊಳೆಯುತ್ತಿದ್ದವರು ಕೈ ನಿಲ್ಲಿಸಿ ನಿಂತಿದ್ದರು. ನಲ್ಲಿ ಒಂದು ಸುಮ್ಮನೆ ಸುರಿಯುತ್ತಿತ್ತು. ನಾಲ್ಕನೇ ಏಟಿಗೆ ದೊಣ್ಣೆ ಮೇಲೆದ್ದಾಗ ಅಕ್ಕ ಪಕ್ಕದ ಗಾಡಿಯಿಂದ ತಂಗಿಯ ಕೈಬರಹವಿದ್ದ ಚೀಲವನ್ನು ಎಡಗೈಯಿಂದ ಎಳೆದು ಎದೆಗೆ ಅವಚಿಕೊಂಡಳು. ಅದರ ಗಂಟಿನೊಳಗೆ ಬೆರಳು ತೂರಿಸಿದಳು.

"ಬನ್ನಿ," ಎಂದಳು. "ಈಗ ಮುಟ್ಟಿ ನನ್ನನ್ನ."

ದೊಣ್ಣೆಯವರು ಹಿಂದೆ ಸರಿದರು. ಮೇಸ್ತ್ರಿ ಆಗಲೇ ಮೆಟ್ಟಿಲ ಮೇಲಿದ್ದ. ಇಸ್ತ್ರಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಗೋಡೆಗೆ ಅಂಟಿದ. ಅಕ್ಕ ಅವರನ್ನು ನೋಡಿದಳು. ಹನ್ನೊಂದು ವರ್ಷ ಅವಳು ಮುಟ್ಟಿದ ಲೋಟದಲ್ಲಿ ಇವರು ನೀರು ಕುಡಿದಿರಲಿಲ್ಲ. ಲಿಫ್ಟಿನಲ್ಲಿ ಇವರ ಜೊತೆ ಅವಳು ನಿಂತಿರಲಿಲ್ಲ. ಇದೇ ಚೀಲಗಳನ್ನು ದಿನಕ್ಕೆ ನಲವತ್ತು ಎದೆಗವಚಿ ಹೊತ್ತಾಗ ಒಬ್ಬನೂ ಹೆದರಿರಲಿಲ್ಲ. ಅವಳಿಗೆ ನಗು ಬಂತು. ನಕ್ಕಾಗ ತುಟಿ ಸೀಳಿದ್ದು ಗೊತ್ತಾಯಿತು.

ದೊಡ್ಡ ಮೇಡಂ ಕೆಳಗೆ ಬಂದರು. ಮುಖಕ್ಕೆ ಎರಡು ಪದರ ಕಟ್ಟಿಕೊಂಡಿದ್ದರು. ಅವರು ನೆಲಮಾಳಿಗೆ ನೋಡಿದ್ದು ಅದೇ ಮೊದಲು. ಚೀಲ ಕೆಳಗಿಡು, ಕೂತು ಮಾತಾಡೋಣ ಎಂದರು. ಹೆಸರು ಹೇಳಲು ತಾನು ಸ್ವತಂತ್ರಳಲ್ಲ, ಕಾಗದಕ್ಕೆ ಸಹಿ ಹಾಕಿದ್ದೇನೆ, ಬಾಯಿ ಬಿಟ್ಟರೆ ಜೈಲು ಎಂದರು. ನನ್ನ ತಂಗಿ ಸಾಯುತ್ತಾಳೆ ಎಂದಳು ಅಕ್ಕ.

ಮೇಡಂ ಹುಬ್ಬು ಗಂಟಿಕ್ಕಿದರು. ನಿಜವಾಗಿಯೂ ಅವರಿಗೆ ಅರ್ಥವಾಗಲಿಲ್ಲ.

"ಯಾಕೆ? ಕಚ್ಚಿದ ದಿನಾನೇ ಮಾತ್ರೆ ತಗೊಂಡಿಲ್ವಾ ಅವಳು?"

"ಯಾವ ಮಾತ್ರೆ?"

ಮೇಡಂ ಇಸ್ತ್ರಿಯ ಕಡೆ ನೋಡಿದರು, ಇಸ್ತ್ರಿ ಮೇಸ್ತ್ರಿಯ ಕಡೆ ನೋಡಿದ. ಮೂರನೇ ಮಹಡಿಯಲ್ಲಿ ಪ್ರತಿಯೊಬ್ಬರ ಮೇಜಿನ ಖಾನೆಯಲ್ಲೂ ಆ ಮಾತ್ರೆ ಇತ್ತು. ಸೂಜಿ ತಾಗಿದರೂ, ಇಲಿ ಪರಚಿದರೂ ತಕ್ಷಣ ಎರಡು ನುಂಗಬೇಕು. ಹಂಚುವಾಗ ಹಾಜರಿ ಪಟ್ಟಿ ಹಿಡಿದು ಹಂಚಿದ್ದರು. ಗುತ್ತಿಗೆಯವರು ಆ ಪಟ್ಟಿಯಲ್ಲಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಇಲಿಯ ಬಾಲವನ್ನೂ ನೋಡದವನಿಗೆ ಮಾತ್ರೆ ಇತ್ತು. ಪಂಜರಕ್ಕೆ ಕೈ ಹಾಕುವವಳಿಗೆ ಇರಲಿಲ್ಲ.

ಅಕ್ಕ ಗಂಟಿನೊಳಗೆ ಇನ್ನೊಂದು ಬೆರಳು ತೂರಿಸಿದಳು. ಪ್ಲಾಸ್ಟಿಕ್ಕು ಕಿರ್ರೆಂದಿತು. ಬೇಡ ಮೇಡಂ, ಹೇಳಬೇಡಿ ಎಂದು ಇಸ್ತ್ರಿ ಗೋಡೆಯಿಂದಲೇ ಕೂಗಿದ. ಮೇಡಂ ಕಣ್ಣು ಮುಚ್ಚಿಕೊಂಡು ಹೇಳಿದರು.

"ಕೊಡನೆಲ್ಲಾ ಮ್ಯೂರಿಡೇ."

ಅಕ್ಕ ಅದನ್ನು ಹಿಡಿದಳು. ಕುಟ್ಟಿದಳು, ಜಜ್ಜಿದಳು. ಕೊಡಾನೆಲ್ಲ ಮುರಿದೆ. ಸರಿಯಾ ಎಂದು ಕೇಳಿದಳು. ಹೆಚ್ಚುಕಡಿಮೆ ಸರಿ ಎಂದರು ಮೇಡಂ. ಕೋಟಿನ ಜೇಬಿನಿಂದ ಒಂದು ಹಾಳೆ ಮಾತ್ರೆ ತೆಗೆದರು. ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಬೂಟಿನ ತುದಿಯಿಂದ ಅವಳ ಕಡೆ ತಳ್ಳಿದರು.

ಚೀಲ ಹಿಡಿದುಕೊಂಡೇ ಬೀದಿಗೆ ಓಡುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಹಾಗೆ ಓಡಿದ್ದರೆ ಅವಳನ್ನು ಯಾರೂ ತಡೆಯುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಬೀದಿಯಲ್ಲಿ ಮಕ್ಕಳಿದ್ದರು, ಬಸ್ಸಿಗೆ ನಿಂತವರಿದ್ದರು. ಆ ಚೀಲದೊಳಗೆ ಇರುವುದು ಎಂಥದು ಎಂದು ತಂಗಿಯ ಕೈ ನೋಡಿ ಬಂದವಳು ಅವಳು. ಕುಕ್ಕರಿನ ಬಾಗಿಲು ತೆಗೆದು ಚೀಲವನ್ನು ಒಳಗಿಟ್ಟಳು. ಒಂದೇ ಕೈಯಲ್ಲಿ ಚಕ್ರ ಬಿಗಿದಳು, ಮೊಣಕಾಲು ಕೊಟ್ಟು ಬಿಗಿದಳು. ಹಬೆ ಬಿಟ್ಟಳು. ಒತ್ತಡದ ಮುಳ್ಳು ಮೇಲೇರುವುದನ್ನು ಕಣ್ಣಾರೆ ನೋಡಿ ಆಮೇಲೆ ಮಾತ್ರೆ ಎತ್ತಿಕೊಂಡಳು.

ಅವಳ ಕೈ ಖಾಲಿಯಾದದ್ದೇ ತಡ, ದೊಣ್ಣೆಗಳು ಮೇಲೆ ಬಿದ್ದವು. ತಲೆಗೆ ಒಂದು ಬಿತ್ತು. ಕಣ್ಣು ಕತ್ತಲೆ ಬಂತು. ಬೂಟು ಪಕ್ಕೆಗೆ ಹೊಕ್ಕಿತು. ಅಷ್ಟರಲ್ಲಿ ಬಕೆಟ್ ಅಜ್ಜಿ ಪಂಜರ ತೊಳೆಯುವ ಬಿಸಿನೀರಿನ ಪೈಪು ಎತ್ತಿದಳು. ಹದಿನಾಲ್ವರಲ್ಲಿ ಹಿರಿಯಳು, ಅರವತ್ತು ದಾಟಿದವಳು, ಬಾಯಲ್ಲಿ ಮೂರು ಹಲ್ಲು, ಒಬ್ಬರಿಗೂ ಎದುರು ಮಾತಾಡಿದವಳಲ್ಲ. ಕೊಳಾಯಿ ಪೂರ್ತಿ ತಿರುಗಿಸಿ ಇಸ್ತ್ರಿಯ ಕುತ್ತಿಗೆಗೆ ಹಿಡಿದಳು. ಅವನು ಹಂದಿ ಕಿರುಚುವ ಹಾಗೆ ಕಿರುಚಿದ. ಉಳಿದ ಹೆಂಗಸರು ಕಬ್ಬಿಣದ ಗಾಡಿಗಳನ್ನು ದೊಣ್ಣೆಯವರ ಮೊಣಕಾಲಿಗೆ ನುಗ್ಗಿಸಿದರು. ಗಾಜು ಒಡೆಯಿತು. ಯಾರದೋ ಹಲ್ಲು ಉದುರಿತು. ಆ ಗದ್ದಲದಲ್ಲಿ ಯಾರೋ ಅಕ್ಕನನ್ನು ರಟ್ಟೆ ಹಿಡಿದೆತ್ತಿ, ಬಟ್ಟೆ ಸಾಗಿಸುವ ಹಿಂಬಾಗಿಲಿನಿಂದ ಆಚೆ ತಳ್ಳಿದರು.

ಅವಳು ಓಡಿದಳು. ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಕಣ್ಣಿಗಿಳಿಯುವ ರಕ್ತ ಒರೆಸಿಕೊಂಡು ಓಡಿದಳು. ದಾರಿಯುದ್ದಕ್ಕೂ ಬಾಯಲ್ಲಿ ಅದೇ ಮಂತ್ರ. ಎದುರಾದವರು ಹುಚ್ಚಿ ಎಂದು ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ತಲೆ ನೋಡಲು ಹೋದರು. ಅವಳು ಕೈ ತಳ್ಳಿ ಹೆಸರು ಹೇಳಿದಳು.

"ಕೊಡಾನೆಲ್ಲ ಒಡೆದೆ."

ಡಾಕ್ಟರು ಬರೆದುಕೊಂಡರು. ಪುಸ್ತಕ ತೆಗೆದರು, ಕಂಪ್ಯೂಟರ್ ನೋಡಿದರು, ಮೂವರಿಗೆ ಫೋನು ಮಾಡಿದರು. ಮಾತ್ರೆಯ ಹಾಳೆಯ ಮೇಲೂ ಹದಿನೇಳು ಎಂದಷ್ಟೇ ಇತ್ತು. ಅರ್ಧ ಗಂಟೆ ಕಳೆಯಿತು. ಇಂಥ ಹೆಸರಿಲ್ಲವಲ್ಲ ಅಮ್ಮ, ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದರು. ಅಕ್ಕ ಮತ್ತೆ ಅದನ್ನೇ ಹೇಳಿದಳು. ಗಟ್ಟಿಯಾಗಿ, ಮಂಚದ ಪಕ್ಕ ನಿಂತು, ಅಳುತ್ತ ಹೇಳಿದಳು. ಕೊಡಾನೆಲ್ಲ ಒಡೆದೆ, ಕೊಡಾನೆಲ್ಲ ಒಡೆದೆ.

ಮಂಚದ ಮೇಲೆ ತಂಗಿ ತಲೆ ಅಲ್ಲಾಡಿಸಿದಳು. ಕಣ್ಣು ತೆರೆಯಲಿಲ್ಲ.

"ನಾನಲ್ಲ ಅಕ್ಕ," ಎಂದಳು. "ನಾ ಒಡೆದಿಲ್ಲ."

ಅಕ್ಕ ನಿಂತಲ್ಲೇ ಮರಗಟ್ಟಿದಳು. ಒಡೆದಿಲ್ಲ. ಮೇಡಂ ಒಡೆ ಎಂದಿರಲಿಲ್ಲ. ಕೊಡವನ್ನು ಒಡೆಯುತ್ತಾರೆಯೇ ಹೊರತು ಯಾರೂ ಮುರಿಯುವುದಿಲ್ಲ. ತಲೆಗೆ ಬಿದ್ದ ಏಟಿನಲ್ಲಿ, ಓಟದ ಏದುಸಿರಿನಲ್ಲಿ, ನಾಲಿಗೆ ಆ ತಪ್ಪು ಮಾತನ್ನು ತಾನೇ ತಿದ್ದಿಕೊಂಡುಬಿಟ್ಟಿತ್ತು. ಮುರಿದೆ, ಡಾಕ್ಟ್ರೇ, ಮುರಿದೆ ಎಂದು ಅವಳು ಅವರ ಕೋಟು ಹಿಡಿದು ಜಗ್ಗಿದಳು. ಡಾಕ್ಟರು ಕಾಗದದ ಮೇಲೆ ತಿದ್ದಿದರು. ಒಂದು ಕ್ಷಣ ನೋಡಿದರು. ಕೊಡನೆಲ್ಲಾ ಮ್ಯೂರಿಡೇ ಎಂದು ಓದಿಕೊಂಡು ದಾದಿಯನ್ನು ಕೂಗಿದರು.

ಸೂಜಿಮದ್ದು ಬಂತು. ತಂಗಿಯ ಎರಡೂ ಕೈಗೆ ಹಾಕಿದರು. ಮಾತ್ರೆ ಕಚ್ಚಿದ ದಿನ ನುಂಗುವಂಥದ್ದು, ಈಗ ಅದರಿಂದ ಏನೂ ಆಗದು ಎಂದರು. ಮಧ್ಯಾಹ್ನ ಮೂರರ ತನಕ ತಂಗಿ ನರಳಿದಳು. ಮೂಗಿನಿಂದ ರಕ್ತ ಬಂತು. ಮೈ ಬಿಲ್ಲಿನ ಹಾಗೆ ಬಾಗಿ ಮಂಚ ಬಿಟ್ಟೇಳುತ್ತಿತ್ತು. ಇಬ್ಬರು ದಾದಿಯರು ಅದುಮಿ ಹಿಡಿದರು. ನಾಲ್ಕಕ್ಕೆ ಎಲ್ಲ ನಿಂತಿತು.

ಆ ಅರ್ಧ ಗಂಟೆಯಿಂದ ಅಲ್ಲ ಅಮ್ಮ ಎಂದರು ಡಾಕ್ಟರು. ಸೋಮವಾರ ಎರಡು ಮಾತ್ರೆ ಕೊಟ್ಟಿದ್ದರೆ ಇವಳು ಮಂಗಳವಾರ ಕೆಲಸಕ್ಕೆ ಹೋಗುತ್ತಿದ್ದಳು ಎಂದರು. ಅಕ್ಕನಿಗೆ ಅದು ಕೇಳಿಸಿತು. ಆದರೂ ಆ ಅರ್ಧ ಗಂಟೆ ಅವಳ ಎದೆಯಲ್ಲಿ ಮೊಳೆಯಾಗಿ ಉಳಿಯಿತು. ಡಾಕ್ಟರು ಸಾವಿನ ಕಾಗದದಲ್ಲಿ ಆ ಹೆಸರನ್ನೇ ಬರೆದರು. ಅಕ್ಕನ ಕೈಗೆ ಕಟ್ಟು ಹಾಕಿದರು. ಅಷ್ಟರಲ್ಲಿ ಪೊಲೀಸರು ಬಂದರು. ತಂಗಿಯ ಮುಖಕ್ಕೆ ಬಟ್ಟೆ ಹೊದಿಸುವುದಕ್ಕೂ ಅಕ್ಕನನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಸ್ಟೇಷನ್ನಿನ ಒಳಕೋಣೆಯಲ್ಲಿ ಕೂರಿಸಿದರು. ಮೇಜಿನಾಚೆ ಇನ್ಸ್‌ಪೆಕ್ಟರು. ಅವನ ಪಕ್ಕ ಇಸ್ತ್ರಿ, ಕುತ್ತಿಗೆಗೆ ಬಿಳಿ ಪಟ್ಟಿ, ಅಂಗಿ ಮಾತ್ರ ಗರಿಗರಿ. ಮೇಜಿನ ಮೇಲೆ ಎರಡು ಕಾಗದ. ಒಂದು ತಂಗಿಯ ಸಾವಿನದು. ಡಾಕ್ಟರು ಬರೆದದ್ದಲ್ಲ, ಬೇರೆ ಹೊಸದು. ಅದರಲ್ಲಿ 'ಕಾರಣ ತಿಳಿಯದ ಜ್ವರ' ಎಂದಿತ್ತು. ಇನ್ನೊಂದು ಅಕ್ಕನ ಹೇಳಿಕೆ. ಅವಳು ಕೊಡದ ಹೇಳಿಕೆ. ಅಪಾಯಕಾರಿ ವಸ್ತುವನ್ನು ಹಿಡಿದು ಸಾರ್ವಜನಿಕರ ಪ್ರಾಣಕ್ಕೆ ಸಂಚಕಾರ ತಂದೆ, ದೇಶದ ಭದ್ರತೆಗೆ ಧಕ್ಕೆ ಮಾಡಿದೆ ಎಂದು ಬರೆದಿತ್ತು. ಇನ್ಸ್‌ಪೆಕ್ಟರು ಓದಿ ಮುಗಿಸಿ ಪೆನ್ನು ತಳ್ಳಿದ. ಎಡಗೈಯಲ್ಲಾದರೂ ಸರಿ, ಸಹಿ ಹಾಕು ಎಂದ.

"ವಸ್ತು ಅಂದ್ರೆ ಯಾವ ವಸ್ತು?" ಎಂದಳು ಅಕ್ಕ.

ಅದನ್ನು ಬರೆಯುವ ಹಾಗಿಲ್ಲ ಎಂದ ಇಸ್ತ್ರಿ.

"ಹಾಗಾದ್ರೆ ಹೊಟ್ಟು ಅಂತ ಬರೀರಿ ಸಾರ್. ಇಲಿ ಪಂಜರದ ಹೊಟ್ಟು. ಹೊಟ್ಟಿನ ಚೀಲ ಹಿಡ್ಕೊಂಡಿದ್ದಕ್ಕೆ ಇವಳ ತಲೆ ಒಡೆದ್ವಿ ಅಂತ ಬರೀರಿ, ಹಾಕ್ತೀನಿ ಸಹಿ. ಹೊಟ್ಟಲ್ಲ ಅಂತೀರಾ, ಹೆಸರು ಬರೀರಿ. ಆದ್ರೆ ಚೀಲದಲ್ಲಿ ಇದ್ದದ್ದೇ ನನ್ನ ತಂಗಿ ಮೈಯಲ್ಲೂ ಇದ್ದದ್ದು. ಬರೆದ್ರೆ ಎರಡೂ ಕಾಗದದಲ್ಲಿ ಬರೀಬೇಕು."

ಇನ್ಸ್‌ಪೆಕ್ಟರು ಇಸ್ತ್ರಿಯ ಮುಖ ನೋಡಿದ. ಹೊಟ್ಟು ಎಂದೇ ಬರೆಯಿರಿ, ಚೀಲದಲ್ಲಿ ಏನೂ ಇರಲಿಲ್ಲ ಎಂದ ಇಸ್ತ್ರಿ. ಎಂದವನೇ ಎದ್ದು ಬಂದು ಅವಳ ಬಾಯಿಗೆ ಬೀಸಿ ಹೊಡೆದ. ನಿನ್ನೆ ಸೀಳಿದ್ದ ತುಟಿ ಮತ್ತೆ ಬಿಚ್ಚಿಕೊಂಡಿತು. ರಕ್ತ ಅವನ ಅಂಗೈಗೆ, ಇಸ್ತ್ರಿ ಮಾಡಿದ ತೋಳಿಗೆ, ಮೇಜಿನ ಅಂಚಿಗೆ ಸಿಡಿಯಿತು.

ಅವನು ತನ್ನ ಕೈ ನೋಡಿಕೊಂಡ. ಹಿಂದಕ್ಕೆ ಹಾರಿದ. ಕುರ್ಚಿ ಮಗುಚಿಬಿತ್ತು. ಕೈಯನ್ನು ಗೋಡೆಗೆ ಉಜ್ಜಿದ, ಪ್ಯಾಂಟಿಗೆ ಉಜ್ಜಿದ, ಸೋಪು ತನ್ನಿ ಎಂದು ಕೂಗಿದ. ಜೇಬು ತಡಕಿ ಮಾತ್ರೆಯ ಹಾಳೆ ಹೊರಗೆಳೆದು, ನೀರು ಕೂಡ ಇಲ್ಲದೆ ಎರಡು ನುಂಗಿದ.

"ಹೊಟ್ಟು ಸಾರ್," ಎಂದಳು ಅಕ್ಕ. ಬಾಯಿ ತುಂಬ ರಕ್ತವಿತ್ತು. "ಬರೀ ಹೊಟ್ಟು."

ಇನ್ಸ್‌ಪೆಕ್ಟರು ಇಸ್ತ್ರಿಯನ್ನು ನೋಡಿದ. ಅವನ ಕೈಯಲ್ಲಿದ್ದ ಮಾತ್ರೆ ನೋಡಿದ. ಮೇಲಿನವರ ಮಾತ್ರೆ ಪೊಲೀಸರಿಗೂ ಬಂದಿರಲಿಲ್ಲ. ತನ್ನ ಮೇಜಿನ ಅಂಚಿನ ಮೇಲೆ ಇನ್ನೂ ಹಸಿಯಾಗಿದ್ದ ಹನಿಗಳನ್ನು ನೋಡಿದ. ರಾತ್ರಿಯಿಡೀ ಇವಳನ್ನು ರಟ್ಟೆ ಹಿಡಿದು ಎಳೆದಾಡಿದ್ದು ಅವನೇ. ಅವನು ನಿಧಾನಕ್ಕೆ ಕುರ್ಚಿ ಹಿಂದೆ ಸರಿಸಿ, ಪೆನ್ನಿನ ಮುಚ್ಚಳ ತೆಗೆದ. ಮೊದಲ ಸಲ ಅವಳಿಗೆ ಬಹುವಚನ ಹಚ್ಚಿದ.

"ಏನಮ್ಮ ಅದರ ಹೆಸರು? ಹೇಳಿ ನೀವು."

ಇಸ್ತ್ರಿ ಬೇಡ ಬೇಡ ಎಂದು ಕೂಗುತ್ತಿದ್ದ. ಅಕ್ಕ ತುಟಿ ಒರೆಸಿಕೊಂಡಳು. ಒಂದೊಂದೇ ಅಕ್ಷರ ಬಿಡಿಸಿ, ಈ ಸಲ ತಪ್ಪದೆ ಹೇಳಿದಳು. ಅವನು ಹೇಳಿಕೆಯ ಕಾಗದ ಎಳೆದುಕೊಂಡ. ಅವಳು ಅದರ ಮೇಲೆ ಕೈ ಇಟ್ಟು ತಡೆದಳು. ಮೊದಲು ತಂಗಿಯ ಕಾಗದದಲ್ಲಿ ಬರೆಸಿದಳು.